ಹೊಸ ಮಂಡಿಯನ್ನು ಪಳಗಿಸಲು ಹೋದದ್ದು

ನನ್ನ ಬಲಗಾಲಿನ ಮಂಡಿಯೊಳಗೆ ಈಗ ನನ್ನ ಮೂಳೆಯ ತುದಿಗಳಿಲ್ಲ. ಲೋಹವಿದೆ, ಪ್ಲಾಸ್ಟಿಕ್ ಇದೆ, ಅವನ್ನು ಮೂಳೆಗೆ ಕಚ್ಚಿಸಿಟ್ಟ ಗಾರೆಯಂಥದ್ದೊಂದಿದೆ. ಬೆಳಗಿನ ಹೊತ್ತು ಕಣ್ಣು ಬಿಡದೆ ಮಲಗಿದ್ದಾಗ ಆ ಜಾಗ ಮಿಕ್ಕ ಮೈಗಿಂತ ತುಸು ತಣ್ಣಗಿದೆ ಅನ್ನಿಸುತ್ತದೆ, ಹೇಮಾವತಿ ಹೊಳೆಯಲ್ಲಿ ಮಂಡಿಮಟ್ಟ ಇಳಿದು ನಿಂತ ಹಾಗೆ. ಡಾಕ್ಟರು, ಹಾಗೆಲ್ಲ ಇರುವುದಿಲ್ಲ, ಅದು ನಿಮ್ಮ ಮನಸ್ಸು ಎಂದರು. ಅವರು ಎಷ್ಟೋ ಜನಕ್ಕೆ ಮಂಡಿ ಹಾಕಿದ್ದಾರೆ, ಹಾಕಿಸಿಕೊಂಡಿಲ್ಲ.

ಮಂಡಿ ಸವೆದದ್ದಕ್ಕೆ ಯಾರನ್ನೂ ಬೈಯುವಂತಿಲ್ಲ. ನಾನು ಹುಟ್ಟಿದ್ದು ಅರಕಲಗೂಡಿನ ಕಡೆ, ಮದುವೆಯಾಗಿ ಸೇರಿದ್ದು ಶಾಂತಿಗ್ರಾಮದ ಪಕ್ಕದ ಒಂದು ಹಳ್ಳಿ. ಸೇರಿದ ಮಾರನೇ ದಿನದಿಂದ ಎರಡು ಹೊತ್ತೂ ಕುಕ್ಕರಗಾಲಲ್ಲಿ ಕೂತು ಹಾಲು ಕರೆದಿದ್ದೇನೆ. ಗಾಡಿಯ ಅಚ್ಚು ಇಷ್ಟು ವರ್ಷ ಬಾಳುವುದಿಲ್ಲ, ಮಂಡಿ ಬಾಳಿತು. ಆಮೇಲೆ ಕೂತರೆ ಏಳಲಾಗಲಿಲ್ಲ, ಎದ್ದರೆ ಕೂರಲಾಗಲಿಲ್ಲ. ಒಳಗೆ ಒಣಕಲ್ಲಿಗೆ ಒಣಕಲ್ಲು ಉಜ್ಜಿದ ಸದ್ದು ನನ್ನ ಕಿವಿಗೇ ಕೇಳುತ್ತಿತ್ತು.

ಮನೆಯಲ್ಲಿರುವುದು ಒಂದೇ ಹಸು, ಕೆಂಪನೆಯದು. ನನ್ನ ಕೈಗಲ್ಲದೆ ಬೇರೆ ಕೈಗೆ ಅದು ಹಾಲು ಬಿಡುವುದಿಲ್ಲ. ಸೊಸೆ ಕೂತರೆ ಬಾಲದಲ್ಲಿ ಮುಖಕ್ಕೆ ಹೊಡೆಯುತ್ತದೆ. ಪಕ್ಕದ ಮನೆಯಿಂದ ಹಾಲು ಕರೆಯುವ ಮೆಷಿನ್ನು ತಂದು ಹಚ್ಚಿದರೆ ಒದ್ದು ಚರಂಡಿಗೆ ಕೆಡವಿತು. ಅದನ್ನು ಒಳ್ಳೆಯ ಗುಣ ಎಂದು ನಾನು ಹೇಳುವುದಿಲ್ಲ. ಕೆಟ್ಟ ಹಸುವೇ. ಆದರೆ ನಾನಿಲ್ಲದೆ ನಡೆಯದ ಕೆಲಸ ಎಂದು ಈ ಮನೆಯಲ್ಲಿ ಉಳಿದಿರುವುದು ಅದೊಂದೇ. ಸೊಸೆ ಬೆಳಗಾಗುವಷ್ಟರಲ್ಲಿ ಹಾಸನಕ್ಕೆ ಹೋಗುವ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಮಗ ಗೂಡ್ಸ್ ಆಟೋ ಓಡಿಸುತ್ತಾನೆ.

ಒಂದು ದಿನ ನಾನು ಕೊಟ್ಟಿಗೆಯ ಗೋಡೆ ಹಿಡಿದು ನಿಂತಿದ್ದೆ. ಮಗ ಬಂದು ನೋಡಿದ.

"ಅವ್ವ, ಇನ್ನ ನಿನ್ ಕೈಲಿ ಆಗಲ್ಲ. ಹಸ ಕೊಟ್ಬುಡಾನ. ಒಳೇನರಸೀಪುರದೋರೊಬ್ರು ಕೇಳವ್ರೆ."

"ಆಗ್ದೆ ಇರೋದು ಕಾಲು ಕಣ್ಲಾ. ಕೈ ಚೆನ್ನಾಗದೆ."

"ಕಾಲಿಲ್ದೆ ಕೈ ಎಲ್ಲಿಗ್ ಓಯ್ತದೆ?"

ಅವನ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು. ಹಸು ಆಗ ಗಬ್ಬವಾಗಿ ಹಾಲು ನಿಲ್ಲಿಸಿತ್ತು, ಕರು ಹಾಕಲು ಮೂರು ತಿಂಗಳಿತ್ತು. ಅಷ್ಟರಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ನಾನು ಕೂತು ಹಾಲು ಕರೆದರೆ ಹಸು ಉಳಿಯಬೇಕು, ಇಲ್ಲದಿದ್ದರೆ ಕರು ಸಮೇತ ಹೊಳೆನರಸೀಪುರಕ್ಕೆ ಹೋಗಬೇಕು. ಹಾಗೆಂದು ಇಬ್ಬರೂ ಮಾತು ಮಾಡಿಕೊಂಡೆವು.

ಹಾಸನದ ಡಾಕ್ಟರು ಮೇಜಿನ ಮೇಲೆ ಒಂದು ಮಾದರಿ ಮಂಡಿ ಇಟ್ಟಿದ್ದರು. ಮೇಲಿನ ಮೂಳೆಗೆ ಕನ್ನಡಿಯಂತೆ ಹೊಳೆಯುವ ಲೋಹದ ಟೋಪಿ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಕೈಗೆ ತೆಗೆದುಕೊಂಡು ತೂಕ ನೋಡಿದೆ. ಲೋಹಕ್ಕೆ ಲೋಹ ತಾಗಿದರೆ ಎರಡೂ ಸವೆಯುತ್ತವೆ, ಅದಕ್ಕೇ ನಡುವೆ ಪ್ಲಾಸ್ಟಿಕ್ ಎಂದರು. ಅದು ನನಗೆ ಹೇಳಿಸಿಕೊಳ್ಳದೆಯೇ ಗೊತ್ತಾಗಿತ್ತು.

"ಕೂತು ಹಾಲು ಕರೀಬೋದಾ ಸಾ?"

"ನೆಲದ ಮೇಲೆ ಕೂರೋ ಹಾಗಿಲ್ಲ ಅಜ್ಜಿ. ಎತ್ತರದಲ್ಲಿ ಕೂತು ಕರೀರಿ. ಅಷ್ಟು ಬಗ್ಗುತ್ತೆ."

"ತುಕ್ಕು ಇಡಿಯಲ್ವಾ?"

"ಇಲ್ಲ, ಇದು ಕಬ್ಬಿಣ ಅಲ್ಲ. ಬೇರೆ ಲೋಹಗಳನ್ನ ಬೆರೆಸಿ ಮಾಡಿರೋದು."

"ಏನ್ ಬೆರೆಸಿದ್ರೂ ರಕ್ತ ಉಪ್ಪಲ್ವಾ ಸಾ. ಉಪ್ಪಿನ ಡಬ್ಬಿ ಮುಚ್ಚಳ ಆರು ತಿಂಗ್ಳಿಗೆ ತೂತು ಬೀಳ್ತದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಸರಿಯಾಗೇ ಕೇಳಿದ್ರಿ. ಇದರ ಮೇಲೆ ತಾನಾಗೇ ಒಂದು ತೆಳು ಪೊರೆ ಕಟ್ಟುತ್ತೆ. ಕಣ್ಣಿಗೆ ಕಾಣಲ್ಲ. ಗೀರು ಬಿದ್ರೂ ಮತ್ತೆ ಕಟ್ಕೊಳ್ಳುತ್ತೆ. ಅದು ಇರೋವರೆಗೂ ಉಪ್ಪು ಒಳಗೆ ಹೋಗಲ್ಲ."

"ಅಂಗಂದ್ರೆ ನಮ್ಮ ದೋಸೆ ಕಾವಲಿ ಇದ್ದಂಗೆ."

"ಹೂಂ, ಹಾಗೇ ಅನ್ಕೊಳ್ಳಿ," ಎಂದು ನಕ್ಕು ಹೊರಗೆ ಕಾಯುತ್ತಿದ್ದವರನ್ನು ಕರೆದರು.

ಅವರಿಗೆ ಪುರುಸೊತ್ತಿರಲಿಲ್ಲ, ನನಗೆ ಬೇಕಾದಷ್ಟಿತ್ತು. ಕಾವಲಿಯ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿತು.

ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದವಳು ಮಗಳ ಮಗಳು. ಚನ್ನರಾಯಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಹಾಸನಕ್ಕೆ ಬಂದು ಎಂಜಿನಿಯರಿಂಗ್ ಓದುತ್ತಾಳೆ. ಪರೀಕ್ಷೆ ಹತ್ತಿರವಿದ್ದದ್ದರಿಂದ ಪುಸ್ತಕವನ್ನೂ ತಂದಿದ್ದಳು. ಸಾಮಾನು ಯಾವುದರಿಂದ ಆಗಿದೆ, ಯಾಕೆ ಬಗ್ಗುತ್ತದೆ, ಯಾಕೆ ಒಡೆಯುತ್ತದೆ ಅನ್ನುವುದರ ಮೇಲೇ ಅಷ್ಟು ದಪ್ಪ ಪುಸ್ತಕ ಬರೆದಿದ್ದಾರೆ. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಂದು ಮಂಚದ ಕಾಲಿನ ಮೇಲೆ ಬಿದ್ದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮಲಗಿಕೊಂಡೇ ಕೇಳುತ್ತಿದ್ದೆ.

"ಅಜ್ಜಿ, ಲೋಕದಲ್ಲಿರೋ ಸಾಮಾನೆಲ್ಲ ಮೂರು ಜಾತಿ ಕಣಜ್ಜಿ. ಲೋಹ, ಸೆರಾಮಿಕ್, ಪಾಲಿಮರ್. ಎರಡು ಬೆರೆತ್ರೆ ನಾಲ್ಕನೇದು, ಕಾಂಪೋಸಿಟ್."

"ಸೆರಾಮಿಕ್ ಅಂದ್ರೆ ಯಾವ್ದು?"

"ಮಡಕೆ, ಹೆಂಚು, ಇಟ್ಟಿಗೆ. ಮೇಲೆ ಎಷ್ಟು ಭಾರ ಹೇರಿದ್ರೂ ತಡ್ಕೊಳ್ಳುತ್ತೆ. ಎಳೆದ್ರೆ, ಬಗ್ಗಿಸಿದ್ರೆ ಟಪ್ ಅಂತ ಹೋಗುತ್ತೆ. ಲೋಹ ಆದ್ರೆ ಮೊದಲು ಬಗ್ಗುತ್ತೆ, ಆಮೇಲೆ ಮುರಿಯುತ್ತೆ."

"ಇನ್ನೊಂದು?"

"ಪಾಲಿಮರ್. ಪ್ಲಾಸ್ಟಿಕ್ಕು, ರಬ್ಬರು. ನಾರು, ತೊಗಲು ಕೂಡ. ಒಳಗೆ ಉದ್ದುದ್ದ ಸರಪಣಿ ಇರುತ್ತೆ, ಶಾವಿಗೆ ಥರ."

"ಇದ್ನ ಕಲಿಯಕ್ಕೆ ಕಾಲೇಜಿಗೆ ಓಗ್ಬೇಕಾ? ಅಡುಗೆ ಮನೆಗೆ ಓಗಿದ್ರೆ ಸಾಕಿತ್ತು."

"ಅಡುಗೆ ಮನೇಲಿ ಯಾಕೆ ಅಂತ ಯಾರೂ ಹೇಳಲ್ಲ ಅಜ್ಜಿ. ಪರೀಕ್ಷೇಲಿ ಅದನ್ನೇ ಕೇಳೋದು."

ಚೂಟಿ ಹುಡುಗಿ ಎಂದುಕೊಂಡೆ. ಆಮೇಲೆ ಕೇಳಿದೆ, ಮೂಳೆ ಯಾವ ಜಾತಿ ಎಂದು.

"ಬೆರಕೆ. ಕಲ್ಲಿನಂಥ ಪುಡಿ, ಅದರೊಳಗೆ ನಾರು. ಪುಡಿ ಇರೋದ್ರಿಂದ ಗಟ್ಟಿ, ನಾರಿರೋದ್ರಿಂದ ಸುಲಭಕ್ಕೆ ಮುರಿಯಲ್ಲ."

ನನ್ನ ಕಣ್ಣು ಮುಚ್ಚಿಕೊಂಡಿತು. ಅರಕಲಗೂಡಿನ ಕಡೆಯ ಆ ಮನೆಯ ಮುಂದೆ ಕೆಮ್ಮಣ್ಣಿನ ಗುಂಡಿಯೊಳಗೆ ನಾನು ನಿಂತಿದ್ದೆ, ಲಂಗ ಎತ್ತಿ ಸಿಕ್ಕಿಸಿಕೊಂಡು. ಅವ್ವ ಮೇಲಿನಿಂದ ಕೊಚ್ಚಿದ ಹುಲ್ಲು ಉದುರಿಸುತ್ತಿದ್ದಳು, ನಾನು ತುಳಿಯುತ್ತಿದ್ದೆ. ಬರೀ ಮಣ್ಣಿನ ಗೋಡೆ ಒಣಗುವಾಗ ಬಿರಿಯುತ್ತದೆ, ಬರೀ ಹುಲ್ಲು ನಿಲ್ಲುವುದೇ ಇಲ್ಲ. ಮಣ್ಣು ಬೆರಳ ಸಂದಿನಿಂದ ಮೇಲೆ ಬರುತ್ತಿತ್ತು, ಹುಲ್ಲು ಅಂಗಾಲಿಗೆ ಕಚಗುಳಿಯಿಡುತ್ತಿತ್ತು. ಎರಡು ಮಂಡಿಯೂ ಸದ್ದಿಲ್ಲದೆ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಆ ದಿನಗಳಲ್ಲಿ ನನಗೆ ಮಂಡಿಯಿದೆ ಎಂಬುದೇ ನೆನಪಿರುತ್ತಿರಲಿಲ್ಲ.

"ನಾನ್ ಸತ್ಮೇಲೆ ಈ ಲೋಹ ಏನಾಯ್ತದೆ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದೆ.

"ಹಂಗೇ ಇರುತ್ತೆ."

"ನಮ್ಮೋರು ಒಲದಲ್ಲೇ ಮಣ್ ಮಾಡೋದು. ಯಾವತ್ತಾದ್ರೂ ಟಿಲ್ಲರ್‌ಗೆ ಸಿಕ್ತದೆ. ನಿಮ್ಮಾವನ ಮೊಮ್ಮಗ ಎತ್ಕಂಡು, ಇದ್ಯಾವ ಗಾಡಿ ಸಾಮಾನು ಅಂತಾನೆ."

ಅವಳು ನಕ್ಕು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ನಾನು ತಮಾಷೆಗೆ ಹೇಳಿರಲಿಲ್ಲ. ನಮ್ಮ ಹೊಲದಲ್ಲಿ ಉತ್ತಾಗಲೆಲ್ಲ ಯಾರೋ ಯಾವ ಕಾಲದಲ್ಲೋ ಒಡೆದ ಮಡಕೆಯ ಚೂರು ಮೇಲೆ ಬರುತ್ತದೆ. ಮಳೆಗೆ ಕರಗಿಲ್ಲ, ಬಿಸಿಲಿಗೆ ಪುಡಿಯಾಗಿಲ್ಲ. ಒಮ್ಮೆ ಬೆಂದ ಮಣ್ಣು ಮತ್ತೆ ಮಣ್ಣಾಗಲು ಒಪ್ಪುವುದಿಲ್ಲ. ಆ ಮಡಕೆಯಲ್ಲಿ ಅಡುಗೆ ಮಾಡಿದವಳ ಮೂಳೆ ಮಾತ್ರ ಎಲ್ಲಿಯೂ ಇಲ್ಲ, ರಾಗಿಯೊಳಗೆ ಹೋಗಿರಬೇಕು.

ಮಾರನೇ ಬೆಳಿಗ್ಗೆ ಬೆನ್ನಿಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನಾನು ಇರಲಿಲ್ಲ. ಎದೆಯ ಮುಂದೆ ಹಸಿರು ಪರದೆ ಕಟ್ಟಿದ್ದರು. ಅತ್ತ ಯಾರದೋ ಕಾಲು, ಇತ್ತ ನಾನು. ನಿದ್ದೆಗೂ ಏನೋ ಕೊಟ್ಟಿದ್ದರು, ಪೂರ್ತಿ ನಿದ್ದೆಯಲ್ಲ. ಗರಗಸದ ಸದ್ದು ಬಂತು. ಆಮೇಲೆ ಸುತ್ತಿಗೆ. ಒಂದೊಂದು ಏಟಿಗೂ ಹಲ್ಲು ಅದುರುತ್ತಿತ್ತು, ನೋವಿರಲಿಲ್ಲ. ಹಾಗೇ ಸುತ್ತಿಗೆಯ ಸದ್ದು ದೂರವಾಗುತ್ತ ಹೋಗಿ ಕುಲುಮೆಯ ಸದ್ದಾಯಿತು.

ಅಪ್ಪನ ಜೊತೆ ಕುಡುಗೋಲು ಮಾಡಿಸಲು ಹೋಗಿದ್ದೆ. ಆಚಾರಿ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದ. ನೀರು ಕಿರುಚಿತು, ಹಬೆಯಲ್ಲಿ ಅವನ ಮುಖ ಮರೆಯಾಯಿತು. ಹೊರಗೆ ತೆಗೆದು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಕೆಂಡದ ಮೇಲೆ ಹಿಡಿದ.

"ಈಗ್ ತಾನೆ ತಣ್ಣಗ್ ಮಾಡಿ ಮತ್ಯಾಕ್ ಕಾಯಿಸ್ತೀಯಣ್ಣ?" ಎಂದೆ.

"ಈಗಿದು ಗಾಜು ಇದ್ದಂಗೆ ಕಣವ್ವ. ಕಲ್ಲಿಗ್ ತಗುಲಿದ್ರೆ ಮುರ್ಕತದೆ. ಒಸಿ ಬಿಸಿ ಕೊಟ್ರೆ ಪೊಗರು ಇಳೀತದೆ."

ಕಬ್ಬಿಣದ ಮೈಮೇಲೆ ಒಣಹುಲ್ಲಿನ ಬಣ್ಣ ಮೆಲ್ಲಗೆ ತೆವಳಿಕೊಂಡು ಬಂತು. ಬೆಳ್ಳಗಿದ್ದದ್ದು ಹಳದಿಯಾಗುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಇಷ್ಟಕ್ಕೆ ಸಾಕು, ಇದೇ ಹದ ಎಂದು ಅವನು ತೆಗೆದುಬಿಟ್ಟ. ಆ ಬಣ್ಣ ಪರದೆಯ ಮೇಲೂ ಇತ್ತು, ದೀಪದ ಸುತ್ತಲೂ ಇತ್ತು.

ಬಣ್ಣ ಹಚ್ಚುವ ಅಂಗಡಿಯಂಥ ಘಾಟು ವಾಸನೆ ಮೂಗಿಗೆ ಹೊಡೆಯಿತು. ಯಾರೋ ಹುಡುಗಿ ನನ್ನ ತಲೆಯ ಹತ್ತಿರ ಬಗ್ಗಿ, "ಸಿಮೆಂಟ್ ಹಾಕ್ತಿದ್ದಾರೆ ಅಜ್ಜಿ, ಅಲುಗಾಡ್ಬೇಡಿ," ಎಂದಳು.

"ಮಾಳಿಗೆ ಆಕ್ತೀರಾ, ಬರೀ ಗೋಡೆನಾ?" ಎಂದು ನಾನು ಕೇಳಿದೆನಂತೆ. ನನಗೆ ನೆನಪಿಲ್ಲ. ಒಳಗಿದ್ದವರೆಲ್ಲ ನಕ್ಕರೆಂದು ನರ್ಸಿನಿಂದ ಕೇಳಿ ಮೊಮ್ಮಗಳು ಆಮೇಲೆ ಹೇಳಿದಳು.

ಕೆಲವು ದಿನ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಹೊಲಿಗೆ ಬಿಚ್ಚುವವರೆಗೆ ಪಟ್ಟಿ ಮುಟ್ಟಬಾರದು, ನೀರು ಸೋಕಿಸಬಾರದು, ಹೇಳಿಕೊಟ್ಟ ಹಾಗೆ ಕಾಲು ಮಡಚಿ ಚಾಚಬೇಕು. ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯಿಂದ ಎಲ್ಲವನ್ನೂ ಸೊಸೆ ನನ್ನೆದುರಿಗೆ ಎರಡು ಸಲ ಓದಿದಳು. ಎಣ್ಣೆ ಹಚ್ಚಬಾರದು ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

ನಮ್ಮಲ್ಲಿ ಯಾವ ಹೊಸ ಸಾಮಾನನ್ನೂ ತಂದ ಹಾಗೇ ಬಳಸುವ ಪದ್ಧತಿಯಿಲ್ಲ. ಹೊಸ ಮಡಕೆಗೆ ಗಂಜಿ ತುಂಬಿ ಕುದಿಸುತ್ತೇವೆ. ಹೊಸ ಬೀಸುವ ಕಲ್ಲಿಗೆ ಮೊದಲು ಹೊಟ್ಟು ಹಾಕಿ ಬೀಸಿ, ಅದನ್ನು ಚೆಲ್ಲುತ್ತೇವೆ. ಕಾವಲಿಗೆ ಹರಳೆಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಮೈಮೇಲೆ ಕಪ್ಪು ಪೊರೆ ಕಟ್ಟುವವರೆಗೂ ಬಿಡುವುದಿಲ್ಲ. ಪಳಗಿಸದ ಕಾವಲಿಯ ಮೇಲೆ ದೋಸೆ ಹೊಯ್ದರೆ ಹೆರೆದು ತೆಗೆಯಬೇಕಾಗುತ್ತದೆ. ನನ್ನ ಮಂಡಿ ಮಡಚುವಾಗ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಪೊರೆ ಕಟ್ಟುತ್ತದೆ ಎಂದಿದ್ದರು, ಕಾವಲಿಯಂತೆ ಎಂದು ಒಪ್ಪಿಕೊಂಡೂ ಇದ್ದರು. ತಾನಾಗಿ ಕಟ್ಟಲು ಎಷ್ಟು ದಿನವೋ, ಹಸುವಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಗೋಡೆ ಹಿಡಿದುಕೊಂಡು ಅಡುಗೆ ಮನೆಗೆ ಹೋಗಿ ಸೌಟಿನಲ್ಲಿ ಹರಳೆಣ್ಣೆ ಬಿಸಿ ಮಾಡಿದೆ. ಪಟ್ಟಿಯ ಒಂದು ಅಂಚು ಬಿಡಿಸಿ, ಹೊಲಿಗೆಯ ಉದ್ದಕ್ಕೂ ಎಣ್ಣೆ ಇಳಿಸಿ, ಬೆಚ್ಚಗೆ ನೀವಿದೆ. ಎಷ್ಟು ಹಿತವಾಗಿತ್ತೆಂದರೆ ಅಲ್ಲೇ ಬಾಗಿಲಿಗೆ ಒರಗಿ ಜೊಂಪು ಹತ್ತಿತು. ಎಣ್ಣೆ ಚರ್ಮದೊಳಕ್ಕೆ ಇಳಿದು, ಮಾಂಸ ದಾಟಿ, ಆ ಹೊಳೆಯುವ ಟೋಪಿಯ ಸುತ್ತ ಸುತ್ತಿಕೊಳ್ಳುವುದು ನನಗೆ ಕಾಣುತ್ತಿತ್ತು. ಪಟ್ಟಿ ಮೊದಲಿನಂತೆ ಅಂಟಿಸಿದೆ. ಮೂರು ದಿನ ಹಾಗೇ ಮಾಡಿದೆ.

ನಾಲ್ಕನೇ ದಿನ ಮಂಡಿ ಬುರುಬುರು ಊದಿ ಕೆಂಪಾಯಿತು, ಮೈ ಕಾದಿತು. ಸಂಜೆ ಬಂದ ಸೊಸೆ ಬಾಗಿಲಲ್ಲೇ ಮೂಗು ಅರಳಿಸಿದಳು.

"ಅತ್ತೆ, ಏನಿದು, ಗಾಡಿ ಅಚ್ಚಿನ್ ವಾಸ್ನೆ?"

"ಅರಳೆಣ್ಣೆ. ಪಳಗಿಸ್ತಿದ್ದೆ."

"ಏನ್ನ?"

"ಮಂಡಿಯ."

ಅವಳು ಪಟ್ಟಿ ಎತ್ತಿ ನೋಡಿದಳು. ಹೊಲಿಗೆಯ ಕೆಳತುದಿ ಬಿಟ್ಟುಕೊಂಡು ಹಳದಿ ನೀರು ಜಿನುಗುತ್ತಿತ್ತು. "ನಿಮ್ಮನ್ನ ಪಳಗಿಸೋರು ಯಾರೂ ಸಿಗ್ಲಿಲ್ವಲ್ಲ ಅತ್ತೆ," ಎಂದು ಗಂಡನಿಗೆ ಫೋನು ಹಚ್ಚಿದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದರು, "ಮೂಳೆಯಲ್ಲಿ ರಕ್ತ ಓಡಾಡುತ್ತೆ ಅಜ್ಜಿ, ಔಷಧಿ ಕೊಟ್ರೆ ಅಲ್ಲಿಗೆ ತಲುಪುತ್ತೆ. ಲೋಹದಲ್ಲಿ ರಕ್ತ ಇಲ್ಲ. ಕೀವು ಹೋಗಿ ಅದಕ್ಕೆ ಅಂಟಿಕೊಂಡ್ರೆ ಯಾವ ಔಷಧಿಯೂ ಪೂರ್ತಿ ತೊಳೆಯಲ್ಲ. ಎಲ್ಲ ಬಿಚ್ಚಿ ತೆಗೀಬೇಕಾಗುತ್ತೆ."

"ತೆಗೆದ್ರೆ ಮತ್ತೆ ಆಕೋದು ಯಾವಾಗ ಸಾ?"

"ತಿಂಗಳುಗಟ್ಟಲೆ ಕಾಯ್ಬೇಕು."

ಮಗ ಪಕ್ಕದಲ್ಲೇ ನಿಂತಿದ್ದ. ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಮೂಳೆಯ ಚಿತ್ರ ನೋಡುತ್ತಿದ್ದ. ಹೊಳೆನರಸೀಪುರದವರ ನೆನಪು ಅವನಿಗೂ ಬಂದಿರಬೇಕು.

ಗಾಯ ಬಿಚ್ಚಿ ತೊಳೆದರು. ಕೀವು ಚರ್ಮದ ಕೆಳಗೇ ನಿಂತಿದೆ, ಲೋಹದವರೆಗೆ ಹೋದಂತೆ ಕಾಣುವುದಿಲ್ಲ, ಆದರೂ ನಾಲ್ಕೈದು ದಿನ ನೋಡಬೇಕು ಎಂದರು. ಆ ದಿನಗಳು ಯಾವ ವಾರದವು, ಎಲ್ಲಿ ಮುಗಿದವು, ನನಗೆ ತಿಳಿಯಲಿಲ್ಲ. ಬಾಟಲಿಯಿಂದ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಜ್ವರದಲ್ಲಿ ನಾನೊಂದು ಹಸಿ ಮಡಕೆಯಾಗಿದ್ದೆ, ಯಾರೋ ಒಲೆಯ ಹತ್ತಿರ ಇಟ್ಟು ಮರೆತಿದ್ದರು. ಎಚ್ಚರವಾದಾಗಲೆಲ್ಲ ಮೊಮ್ಮಗಳು ಪುಸ್ತಕ ಹಿಡಿದು ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಜ್ವರ ಇಳಿದಿತ್ತು. ಅವಳನ್ನು ಕೇಳಿದೆ, "ಮಡಕೆಗೆ ಸರಿ ಓಗೋದು ಮಂಡಿಗ್ಯಾಕೆ ಸರಿ ಓಗ್ಲಿಲ್ಲ? ನಿನ್ ಪುಸ್ತಕದಲ್ಲಿ ಅದೆಯಾ?"

"ಇದೆ," ಎಂದಳು. "ಮಡಕೆ ತುಂಬ ಸಣ್ಣ ಸಣ್ಣ ತೂತು ಇರುತ್ತೆ ಅಜ್ಜಿ, ಗಂಜಿ ಹೋಗಿ ಅದನ್ನ ಮುಚ್ಚುತ್ತೆ. ಬೀಸೋ ಕಲ್ಲಲ್ಲಿ ಸಡಿಲವಾದ ಹರಳು ಇರುತ್ತೆ, ಹೊಟ್ಟು ಅದನ್ನ ಎಳ್ಕೊಂಡು ಬರುತ್ತೆ. ಕಾವಲಿ ಮೇಲೆ ಎಣ್ಣೆ ಬೆಂಕೀಲಿ ಬೆಂದು ಪಾಲಿಮರ್ ಆಗಿ ಕೂರುತ್ತೆ. ನಿನ್ನ ಮಂಡೀಲಿ ತೂತೂ ಇಲ್ಲ, ಹರಳೂ ಇಲ್ಲ, ಬೆಂಕಿಯೂ ಇಲ್ಲ. ಅದರ ಪೊರೆ ಗಾಳಿ ತಾಕಿದ ತಕ್ಷಣ ಕಾರ್ಖಾನೇಲೇ ಕಟ್ಟಿತ್ತು. ಬಿಗಿ ಹಿಡೀತಾ ಇದ್ದಿದ್ದು ಲೋಹ ಅಲ್ಲ, ನಿನ್ನ ಸ್ನಾಯು."

ಇಷ್ಟು ವರ್ಷ ಪಳಗಿಸಿದ್ದೇನೆ, ಒಂದು ದಿನವೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಕೈ ಮಾಡುತ್ತಿತ್ತು, ಸರಿಹೋಗುತ್ತಿತ್ತು. ಮೂರು ಸಾಮಾನಿಗೆ ಮೂರು ಬೇರೆ ಕಾರಣ ಇದ್ದದ್ದು ನನಗೆ ಒಂದೇ ಶಾಸ್ತ್ರದಂತೆ ಕಂಡಿತ್ತು. ಅವಳಿಗೆ ಹಾಗೆಂದು ಹೇಳಲಿಲ್ಲ. "ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?" ಎಂದೆ.

"ನೀನು ಕೇಳಿದ್ಯಾ?" ಎಂದಳು.

ಲೋಹ ಉಳಿಯಿತು. ಮನೆಗೆ ಬಂದ ಮೇಲೆ ಹೇಳಿದ್ದಷ್ಟನ್ನೇ ಮಾಡಿದೆ. ಮಡಚು, ಚಾಚು, ಎಣಿಸು. ಅಳು ಬರುವಷ್ಟು ನೋವಾಗುತ್ತಿತ್ತು, ಅಳುವುದರಿಂದ ಮಂಡಿ ಬಗ್ಗುವುದಿಲ್ಲವೆಂದು ಗೊತ್ತಿದ್ದರಿಂದ ಅಳಲಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಕಿಟಕಿಯಿಂದ ನೋಡುತ್ತ ನಾನು ಕಾಲು ಮಡಚುತ್ತಿದ್ದೆ, ಅದು ಮೆಲುಕು ಹಾಕುತ್ತಿತ್ತು.

ಶುಕ್ರವಾರ ಹೆಣ್ಣುಗರು ಹಾಕಿತು. ಹೊಳೆನರಸೀಪುರದವರು ಭಾನುವಾರ ಬಂದು ನೋಡುತ್ತೇವೆ ಎಂದು ಮಗನಿಗೆ ಫೋನು ಮಾಡಿದರು. ಕರು ಕುಡಿದು ಬಿಟ್ಟರೂ ಕೆಚ್ಚಲು ಕಲ್ಲಿನಂತಾಗುತ್ತಿತ್ತು. ಸೊಸೆ ಕರೆಯಲು ಹೋಗಿ ಬಾಲದ ಏಟು ತಿಂದು ಬಂದಳು.

ಭಾನುವಾರ ಬೆಳಿಗ್ಗೆ ನನಗೆ ಕೂರಲು ಸೊಸೆ ಮಾಳಿಗೆಯ ಮೇಲಿದ್ದ ಪ್ಲಾಸ್ಟಿಕ್ ಸ್ಟೂಲು ತಂದಳು. ಅಂಗೈಯಿಂದ ಅದರ ಮೇಲೆ ಸವರಿದೆ. ಬಿಳಿ ಹಿಟ್ಟು ಹತ್ತಿತು. ವರ್ಷಗಟ್ಟಲೆ ಬಿಸಿಲು ಕುಡಿದು ಅದರೊಳಗಿನ ಸರಪಣಿಗಳೆಲ್ಲ ತುಂಡಾಗಿದ್ದವು.

"ಇದ್ರ ಮೇಲ್ ಕೂತ್ರೆ ಇನ್ನೊಂದ್ ಮಂಡಿನೂ ಆಕಿಸ್ಬೇಕಾಯ್ತದೆ. ಒಗೆಯೋ ಕಲ್ಲು ತರ್ಸು."

"ಕಲ್ಲು ಒಡೆಯಲ್ವಾ ಅತ್ತೆ, ಮಧ್ಯದಲ್ಲಿ?"

"ನಡುವೆ ಪೊಳ್ಳು ಬುಟ್ರೆ ಒಡೀತದೆ. ಕೆಳಗೆ ಪೂರ್ತಿ ಇಟ್ಟಿಗೆ ಕೊಟ್ಟು ಕೂರ್ಸಿ. ಹೊರೋದು ಕಲ್ಲಿಗೆ ಬತ್ತದೆ, ಬಗ್ಗೋದು ಬರಲ್ಲ."

"ಅತ್ತೆ ಸೊಸೆ ಇಬ್ಬರಿಗೂ ಅದೇ ಗುಣ," ಎಂದು ಮಗ ಕಲ್ಲು ಹೊತ್ತು ತಂದ.

ಕಲ್ಲನ್ನು ಕೊಟ್ಟಿಗೆಯ ಅಂಚಿಗೆ ಕೂರಿಸಿದರು. ಇಷ್ಟು ವರ್ಷ ನಾನು ಹಸುವಿನ ಬಳಿಗೆ ಹೋಗುತ್ತಿದ್ದೆ, ಈ ಸಲ ಹಸುವನ್ನು ನನ್ನ ಬಳಿಗೆ ತರಬೇಕಾಯಿತು. ಅದು ಒಪ್ಪಲಿಲ್ಲ. ಮೂಸಿತು, ಹಿಂದೆ ಸರಿಯಿತು, ಮಗನ ಕಾಲು ತುಳಿಯಿತು. ನಾನು ಕಲ್ಲಿನ ಮೇಲೆ ಕೂತೇ ಇದ್ದೆ, ಕೈ ಮಡಿಲಲ್ಲಿಟ್ಟುಕೊಂಡು. ಕೂಗಿ ಕರೆಯಲಿಲ್ಲ, ಗದರಲಿಲ್ಲ. ಕೊನೆಗೆ ಅದು ತಾನಾಗಿಯೇ ಪಕ್ಕೆ ತಿರುಗಿಸಿ ನಿಂತಿತು.

ಹಿಂದೆ ಕುಕ್ಕರಗಾಲಲ್ಲಿ ಕೂತಾಗ ನನ್ನ ಹಣೆ ಅದರ ತೊಡೆಯ ಸಂದಿಗೆ ಒರಗುತ್ತಿತ್ತು. ಈಗ ಎತ್ತರದಲ್ಲಿ ಹೊಟ್ಟೆಗೇ ಒರಗಿತು. ಒಳಗೆ ಏನೇನೋ ಉರುಳುತ್ತಿತ್ತು, ದೂರದಲ್ಲಿ ಅಣೆಕಟ್ಟಿನ ತೂಬು ತೆಗೆದ ಹಾಗೆ. ಆ ಬಿಸಿಯಲ್ಲಿ ನನ್ನ ಕಣ್ಣು ತಾನಾಗಿ ಮುಚ್ಚಿತು. ಕೈ ಅದರ ಕೆಲಸ ಮಾಡುತ್ತಿತ್ತು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ದಪ್ಪನೆಯ ಹಳದಿ ಗಿಣ್ಣುಹಾಲು ಬಕೀಟಿನ ತಳಕ್ಕೆ ಬಿತ್ತು. ನಿಲ್ಲಲಿಲ್ಲ.

ಬಾಗಿಲಲ್ಲಿ ಮಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. "ಇಲ್ಲ ಕಣಣ್ಣ, ಬರ್ಬ್ಯಾಡಿ. ಕೊಡಲ್ಲ. ಏನ್ ಮಾಡದು, ಅವ್ವ ಎದ್ದು ಕೂತವ್ಳೆ."

ಕೂತದ್ದು ಸರಿ. ಹಾಲು ಮುಗಿದ ಮೇಲೆ ಏಳಲು ನೋಡಿದೆ. ಮಂಡಿ ಬೆಚ್ಚಗಾಗಿ, ಬಿಗಿದುಕೊಂಡು, ನಾನು ಹೇಳಿದ್ದನ್ನು ಕೇಳಲಿಲ್ಲ. ಹಿಡಿದುಕೊಳ್ಳಲು ಗೋಡೆ ದೂರವಿತ್ತು. ಹಸು ಒಂದು ಹೆಜ್ಜೆ ಅತ್ತಿತ್ತ ಇಟ್ಟರೆ ಬಕೀಟು ಉರುಳುತ್ತಿತ್ತು.

ಸೊಸೆಯನ್ನು ಕೂಗಿದೆ. ಅವಳು ಓಡಿ ಬಂದು ಎರಡೂ ಕೈ ನನ್ನ ಕಂಕುಳಿಗೆ ಹಾಕಲು ಬಂದಳು.

"ಮೊದ್ಲು ಬಕೀಟು ತಗೊ," ಎಂದೆ. "ಆಮೇಲೆ ನನ್ನ ಎತ್ತು."